ಮಾತ್ರೆಯ ನಂತರದ ಅರ್ಧ ಗಂಟೆ

"ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ತಗೊಳ್ಳಿ. ಆಮೇಲೆ ಅರ್ಧ ಗಂಟೆ ಕಾಫಿ, ತಿಂಡಿ ಏನೂ ಬೇಡ," ಎಂದು ಔಷಧಿ ಅಂಗಡಿಯಾಕೆ ಥೈರಾಯ್ಡ್ ಮಾತ್ರೆ ಕೊಡುತ್ತ ಹೇಳಿದ್ದಳು. ಮನೆ ತಲುಪುವಷ್ಟರಲ್ಲಿ ಸುಗುಣ ಅದಕ್ಕೆ 'ಮಾತಾಡಬಾರದು, ಒಲೆಯ ಮುಂದೆ ನಿಲ್ಲಬಾರದು' ಎಂಬ ಎರಡು ಪಥ್ಯಗಳನ್ನು ತಾನೇ ಸೇರಿಸಿದ್ದಳು. ವರ್ಷವಿಡೀ ಆ ಅರ್ಧ ಗಂಟೆ ಗಂಡ ಕಾಫಿ ಮಾಡಿದ. ಅವಳು ತಾರಸಿಯ ಮೇಲೆ ಕೂತು ಗಿಳಿಗಳನ್ನು ನೋಡಿದಳು.

ಅತ್ತೆಗೂ ಮಧ್ಯಾಹ್ನದ ಊಟವಾದ ಮೇಲೆ ಒಂದು ಮಾತ್ರೆಯಿತ್ತು. ಅದನ್ನು ತೆಗೆದುಕೊಂಡು ಅವರು ಕೋಣೆ ಸೇರಿದರೆ ಒಂದು ಗಂಟೆ ಯಾರೂ ಬಾಗಿಲು ತಟ್ಟುವಂತಿರಲಿಲ್ಲ.

ಇವತ್ತು ಡಾಕ್ಟರು ರಿಪೋರ್ಟು ನೋಡಿ, "ಎಲ್ಲಾ ಸರಿಹೋಗಿದೆ, ಮಾತ್ರೆ ನಿಲ್ಲಿಸಿ," ಎಂದುಬಿಟ್ಟರು. ಸುಗುಣ ನೇರ ಔಷಧಿ ಅಂಗಡಿಗೆ ಹೋದಳು.

"ಅರ್ಧ ಗಂಟೆ ಸುಮ್ಮನಿರಬೇಕಾದ ಬೇರೆ ಯಾವುದಾದ್ರೂ ಮಾತ್ರೆ ಇದೆಯೇನ್ರೀ?"

"ಕಾಯಿಲೆ ಇಲ್ದೆ ಮಾತ್ರೆ ಕೊಡಲ್ಲಮ್ಮ," ಎಂದು ಅಂಗಡಿಯಾಕೆ ನಕ್ಕಳು.

ಮನೆಯಲ್ಲಿ ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. "ಏನಂದ್ರು ಡಾಕ್ಟ್ರು? ಮುಖ ಯಾಕೇ ಹೀಗೆ ಬಾಡಿದೆ?"

"ಮಾತ್ರೆ ನಿಲ್ಸಿದ್ರು ಅತ್ತೆ. ನಾಳೆಯಿಂದ ಕಾಫಿ ನಾನೇ..."

ಮಗ ಹತ್ತಿರದಲ್ಲೆಲ್ಲೂ ಇಲ್ಲವೆಂದು ನೋಡಿಕೊಂಡು ಅತ್ತೆ ದನಿ ತಗ್ಗಿಸಿದರು. "ಬಾಯಿ ಮುಚ್ಕೊಂಡಿರೇ. ನನ್ನದನ್ನ ನಿಲ್ಸಿ ಆರು ವರ್ಷ ಆಯ್ತು. ದಿನಾ ಬಾಯಿಗೆ ಹಾಕ್ಕೊಳ್ಳೋದು ಪೆಪ್ಪರ್‌ಮಿಂಟು."