ಕಲ್ಲಿದ್ದಲಿನ ಕೆಳಗಿನ ಮರಳು

"ಸಂಜೆಯೊಳಗೆ ಈ ಫಲಿತಾಂಶ ಕಸದ ಬುಟ್ಟಿಗೆ ಹೋಗಬೇಕು," ಎಂದರು ಭೂವಿಜ್ಞಾನ ಕಚೇರಿಯ ಮುಖ್ಯಸ್ಥರು, ಎದುರು ನಿಂತ ಕಿರಿಯ ವಿಜ್ಞಾನಿಗೆ. "ಯಾವುದೋ ಬೇರೆ ಮರಳು ಬೆರೆತಿದೆ. ಮತ್ತೇನು?"

ಬೆರೆತಿದೆಯಂತೆ! ಜರಡಿ ಉಜ್ಜಿ ಉಜ್ಜಿ ಅವಳ ಬೆರಳುಗಳೇ ಬಿರಿದಿದ್ದವು. ನೆಲದಾಳದಿಂದ ಕೊರೆದು ತೆಗೆದ ಹಳೆಯ ನದಿಯ ಮರಳು ಅದು. ಅದರ ಹರಳುಗಳು ಹುಟ್ಟಿ ಇಪ್ಪತ್ತೈದು ಕೋಟಿ ವರ್ಷ ಎಂದಿತ್ತು ಯಂತ್ರ. ಅದರ ಮೇಲೆ ಕೂತ ಕಲ್ಲಿದ್ದಲಿಗೋ ಇಪ್ಪತ್ತಾರು ಕೋಟಿ! ಹಾಸಿಗೆಗೂ ಮುಂಚೆ ಹೊದಿಕೆ ಬಂದಿತ್ತು. ಕಲ್ಲಿದ್ದಲಿನೊಳಗಿನ ಪರಾಗ ನೋಡಿ ಆ ವಯಸ್ಸು ಹೇಳಿದವರು ಅದೇ ಕಚೇರಿಯ ಹಿರಿಯ ತಜ್ಞೆ, ಅವಳ ಅತ್ತೆ.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ," ಮುಖ್ಯಸ್ಥರು ನಕ್ಕರು. "ಮನೇಲೇ ತೀರ್ಮಾನ ಮಾಡ್ಕೊಂಡು ಬನ್ನಿ."

ಮನೆಯ ತನಕ ಕಾಯುವ ತಾಳ್ಮೆ ಯಾರಿಗಿದೆ? ಸೊಸೆ ಅತ್ತೆಯನ್ನು ಕಲ್ಲಿನ ಮಾದರಿಗಳನ್ನಿಡುವ ಶೆಡ್ಡಿಗೆ ಎಳೆದುಕೊಂಡೇ ಹೋದಳು.

"ಅತ್ತೆ, ನನ್ನ ಹರಳು ಸುಳ್ಳು ಹೇಳಲ್ಲ."

"ನನ್ನ ಕಲ್ಲಿದ್ದಲು ಹೇಳುತ್ತಾ?" ಅತ್ತೆ ಸಿಡುಕಿದರು. "ಆ ನೀರು ಕೊಡು ಇಲ್ಲಿ."

ಉದ್ದನೆಯ ಪೆಟ್ಟಿಗೆಯಲ್ಲಿ ಅದೇ ಜಾಗದಿಂದ ಕೊರೆದು ತೆಗೆದ ಉರುಟು ಕಲ್ಲಿನ ತುಂಡುಗಳು ಸಾಲಾಗಿ ಮಲಗಿದ್ದವು. ಯಾವ ಕಡೆ ಮೇಲೆಂದು ತೋರಿಸಲು ಅಂಚಿನಲ್ಲೊಂದು ಕೆಂಪು ಬಾಣ. ಅದರ ಪ್ರಕಾರ ಮೇಲೆ ಜೇಡಿಕಲ್ಲು, ನಡುವೆ ಕಲ್ಲಿದ್ದಲು, ಕೆಳಗೆ ಮರಳು. ಅತ್ತೆ ಜೇಡಿಕಲ್ಲಿಗೆ ನೀರು ಚಿಮುಕಿಸಿದರು. ಕೂದಲೆಳೆಯಂಥ ಕಪ್ಪು ಗೆರೆಗಳು ಎದ್ದು ಬಂದವು. ಅವು ಕಲ್ಲಿದ್ದಲಾಗಿ ಹೋದ ಗಿಡಗಳ ಬೇರು. ಕಲ್ಲಿದ್ದಲಿನಿಂದ ಹೊರಟು ಬಾಣ ತೋರಿಸಿದ ಕಡೆಗೇ, ಅಂದರೆ ಮೇಲಕ್ಕೇ, ಚಾಚಿಕೊಂಡಿದ್ದವು.

"ಬೇರು ಎಲ್ಲಾದ್ರೂ ಆಕಾಶಕ್ಕೆ ಇಳಿಯುತ್ತೇನೇ?" ಅತ್ತೆ ಗೆರೆಯ ಮೇಲೆ ಬೆರಳಾಡಿಸಿದರು.

"ಬಾಣಾನೇ ತಪ್ಪು!" ಸೊಸೆ ಕಿರುಚಿಯೇಬಿಟ್ಟಳು. "ಎಲ್ಲಾ ಉಲ್ಟಾ ಅತ್ತೆ! ಮರಳು ಕೆಳಗಲ್ಲ, ಮೇಲೆ! ಹಾಗಾದ್ರೆ ನೀವೂ ಸರಿ, ನಾನೂ ಸರಿ!" ಅತ್ತೆಯ ಹೆಗಲು ಹಿಡಿದು ಕುಣಿದಳು. "ಯಾವ ಪುಣ್ಯಾತ್ಮ ಬರೆದದ್ದು ಈ ಬಾಣಾನ?"

ಆಗ ಬಾಣದ ಪಕ್ಕದ ಬರಹದ ಮೇಲೆ ಕಣ್ಣು ಬಿತ್ತು. ಮನೆಯ ಅಡುಗೆ ಡಬ್ಬಿಗಳ ಮೇಲೆ ದಿನಾ ನೋಡುವ ಅದೇ ಗುಂಡು ಅಕ್ಷರ. ಅತ್ತೆಯದೇ! ಅತ್ತೆಗೆ ಹೆಸರು ತಂದ ಪುಸ್ತಕದಲ್ಲಿ ಈ ನದಿಯ ಕಥೆಯೆಲ್ಲ ಇದೇ ಬಾಣವನ್ನು ನಂಬಿ ಬರೆದದ್ದು.

ಅತ್ತೆ ಆಗಲೇ ಪೆಟ್ಟಿಗೆಯ ಒಂದು ತುದಿಗೆ ಕೈ ಹಾಕಿದ್ದರು. ಕಣ್ಣು ಹೊಳೆಯುತ್ತಿತ್ತು.

"ಏನ್ ನೋಡ್ತಾ ನಿಂತೆ? ಆ ಕಡೆ ಹಿಡಿ. ಇಷ್ಟು ವರ್ಷ ನದೀನ ತಲೆಕೆಳಗೆ ನಿಲ್ಲಿಸಿದ್ದೆ. ಪಾಪ, ಇಳಿಸೋಣ."