ಟಪಾಲಿನವರ ಸೈಕಲ್

"ನಿಮ್ ಯಜಮಾನ್ರು ದಿನಾ ಎಷ್ಟು ದೂರ ತುಳೀತಾರಮ್ಮ?" ಸೈಕಲ್ ಅಂಗಡಿಯವನು ಕೇಳಿದ.

"ಬೆಳಗ್ಗೆ ಹತ್ತಿದ್ರೆ ಇಳಿಯೋದು ಸಂಜೆಗೇ," ಎಂದಳು ಪುಟ್ಟಗೌರಮ್ಮ.

"ಲೋಡು?"

"ಟಪಾಲು ಚೀಲ."

ಅವನು ಗಟ್ಟಿಮುಟ್ಟಾದ ಕ್ಯಾರಿಯರ್ ಸೈಕಲ್ ತೋರಿಸಿದ. ಅವಳಿಗೆ ತಡೆಯಲಾಗಲಿಲ್ಲ, ಅವನ ಕೈ ಹಿಡಿದುಕೊಂಡಳು.

"ರಿಟೈರಾಗಿ ಎಷ್ಟೋ ವರ್ಷ ಆಯ್ತು ಕಣಪ್ಪ. ಆದ್ರೂ ಕಾಗದ ಹಂಚಕ್ಕೆ ಹೊರಡ್ತಾರೆ, ದಾರಿ ಮರೀತಾರೆ. ನಿನ್ನೆ ಲಾರಿ ಅಡಿಗೆ ಹೋಗ್ತಿದ್ರು, ಯಾರೋ ಎಳ್ಕೊಂಡ್ರು. ಎಷ್ಟು ತುಳಿದ್ರೂ ಮನೇಲೇ ಇರೋ ಸೈಕಲ್ ಕೊಡಪ್ಪ!"

ಅವನು ವ್ಯಾಯಾಮದ ಸೈಕಲ್ ಕೊಟ್ಟ. ಅವಳು ಅದನ್ನು ನಡುಮನೆಯಲ್ಲಿ ನಿಲ್ಲಿಸಿ, ಹಳೇ ಬೆಲ್ಲು ಕಟ್ಟಿ, ಚೀಲ ನೇತುಹಾಕಿದಳು. ಗಂಡ ದಿನವಿಡೀ ತುಳಿದ. ಸಂಜೆ ಇಳಿದು, ಬೆವರೊರೆಸಿಕೊಂಡು, ಅವಳಿಗೆ ಕೈಮುಗಿದ.

"ಊರೆಲ್ಲ ಸುತ್ತಿದೆ ತಾಯಿ. ನಮ್ಮನೆ ಎಲ್ಲಿದೆ ಅಂತ ಸ್ವಲ್ಪ ಹೇಳ್ತೀರಾ?"