ಬೆಟ್ಟದ ಮೇಲೆ ವರಪರೀಕ್ಷೆ

ಮೂವರಲ್ಲಿ ಒಬ್ಬ ಕಳ್ಳ. ಮಗಳ ಮನಸ್ಸು ಕದ್ದವನು. ಅವನನ್ನು ಪತ್ತೆ ಹಚ್ಚಲೆಂದೇ ಟೈಲರಮ್ಮ ಜೀವನದಲ್ಲಿ ಮೊದಲ ಸಲ ಬೂಟು ಹಾಕಿ, ಬೆನ್ನಿಗೆ ಚೀಲ ಏರಿಸಿ, ಚಾರಣ ಸಂಘದವರ ಜೊತೆ ಕಾಡಿನ ಏರು ಹತ್ತುತ್ತಿದ್ದರು.

ಸುಳಿವು ಸಿಕ್ಕಿದ್ದು ಹೋದ ವಾರ. ಮಗಳು ಅಡುಗೆಮನೆಯಲ್ಲಿ ಗೆಳತಿಯ ಜೊತೆ ಫೋನಿನಲ್ಲಿ ಪಿಸುಗುಟ್ಟುತ್ತಿದ್ದಳು: “ನಮ್ಮ ಸಂಘದವರೇ ಕಣೇ. ತುಂಬಾ ಒಳ್ಳೆಯವರು. ಅಮ್ಮ ಒಮ್ಮೆ ನೋಡಿ ಒಪ್ಪಿದ್ರೆ ಸಾಕು.”

ಮದುವೆಗೆ ಮುಂಚೆಯೇ ಬಹುವಚನ! ಟೈಲರಮ್ಮನಿಗೆ ನಗು ಬಂತು. ಮರುಕ್ಷಣವೇ ಲೆಕ್ಕ ಹಾಕಿದರು: ಮಗಳು ಹೋದರೆ ಮನೆಯಲ್ಲಿ ತಾನು, ಹೊಲಿಗೆ ಮಿಷನ್ನು, ಇಬ್ಬರೇ. ಆದರೂ “ಈ ಶನಿವಾರ ಚಾರಣಕ್ಕೆ ನೀನೂ ಬಾಮ್ಮ” ಎಂದು ಮಗಳು ಕರೆದಾಗ ಹ್ಞೂಂ ಅಂದರು. ಹೊರಡುವ ಹೊತ್ತಿಗೆ ಮಗಳೇ ಕೆಲಸದ ನೆಪ ಹೇಳಿ ಉಳಿದುಬಿಟ್ಟಳು. ನಾಚಿಕೆ ಇರಬೇಕು.

ಸಂಘದಲ್ಲಿ ಮದುವೆ ವಯಸ್ಸಿನವರು ಮೂವರು. ಉದ್ದಣ್ಣ ಎಲ್ಲರಿಗಿಂತ ಮುಂದೆ, ತಿರುಗಿಯೂ ನೋಡುವವನಲ್ಲ. ಗಡ್ಡದವನಿಗೆ ಪ್ರತಿ ಮರದ ಮುಂದೆ ತನ್ನದೇ ಫೋಟೋ ಬೇಕು. ಇನ್ನೊಬ್ಬ ಹಾಡುಗಾರ; ಅವನು ಬಾಯಿ ತೆರೆದರೆ ಹಕ್ಕಿಗಳು ಜಾಗ ಖಾಲಿ ಮಾಡುತ್ತಿದ್ದವು.

ಎಲ್ಲರಿಗಿಂತ ಹಿಂದೆ ಬರುತ್ತಿದ್ದವರು ಕನ್ನಡಕದ ಅಂಗಡಿಯವರು. ನರೆಗೂದಲು, ಕಾಡಿಗೂ ಇಸ್ತ್ರಿ ಮಾಡಿದ ಅಂಗಿ. ಹಿಂದೆ ಬಿದ್ದವರನ್ನು ಕರೆತರುವುದು ಅವರ ಪಾಲಿನ ಕೆಲಸವಂತೆ. ಹಿಂದೆ ಬಿದ್ದವರು ಟೈಲರಮ್ಮ ಒಬ್ಬರೇ.

“ಯಾರನ್ನೋ ಹುಡುಕ್ತಿರೋ ಹಾಗಿದೆ?” ಎಂದರು ಅಂಗಡಿಯವರು.

“ಯಾರಿಗೂ ಹೇಳ್ಬೇಡಿ. ಮಗಳಿಗೆ ಹುಡುಗನ್ನ ನೋಡೋಕೆ ಬಂದಿದ್ದೀನಿ.”

ಅವರು ಬೇರಿಗೆ ಎಡವಿ ಸಾವರಿಸಿಕೊಂಡರು. “ಓ... ಹಾಗಾ? ಹುಡುಗ ಹೇಗಿರಬೇಕು?”

“ರೂಪ ಗೀಪ ಬೇಡ. ನಮಗೆ ಏದುಸಿರು ಬಂದಾಗ ನಿಲ್ಲೋನಾದ್ರೆ ಸಾಕು. ನಮ್ಮನೆಯವರು ತೀರಿಕೊಂಡ ಮೇಲೆ, ನಮಗೋಸ್ಕರ ಅಂತ ನಿಂತವರು ಯಾರೂ ಇಲ್ಲ.”

ಅಂಗಡಿಯವರು ಮುಂದಿನ ಏರಿನಲ್ಲಿ ನಿಂತರು. ಅದರ ಮುಂದಿನದರಲ್ಲೂ. ಹಳ್ಳದ ಜಾರುಗಲ್ಲಿನ ಬಳಿ ಮೊದಲು ತಾವಿಳಿದು ಕೈ ಚಾಚಿದರು.

ಸಂಜೆ ಬೆಟ್ಟದ ಗುಡಿಸಲಿನಲ್ಲಿ ಅನ್ನ ಸೀದಿತು. ಸೀಯಿಸಿದವರೂ ಅಂಗಡಿಯವರೇ. “ನಮ್ಮ ಮನೇಲೂ ಹೀಗೇ. ಬೈಯೋಕೆ ಯಾರೂ ಇಲ್ಲ. ಮಾತಾಡೋದು ರೇಡಿಯೋ ಒಂದೇ” ಎಂದರು. ಟೈಲರಮ್ಮ ಅನ್ನ ತಿನ್ನುತ್ತಲೇ ಚೆನ್ನಾಗಿ ಬೈದರು. ಅವರು ಸಂತೋಷದಿಂದ ಬೈಸಿಕೊಂಡರು.

ಭಾನುವಾರ ಇಳಿಯುವಾಗ ಇಬ್ಬರದೂ ಎಷ್ಟು ಮಾತು, ಎಷ್ಟು ನಗು ಎಂದರೆ, ಹುಡುಗರ ಮೇಲೆ ಕಣ್ಣಿಡುವುದೇ ಟೈಲರಮ್ಮನಿಗೆ ಮರೆತುಹೋಯಿತು.

ಕೆಳಗೆ ಬಸ್ಸಿನ ಬಳಿ ಮಗಳು ಕಾಯುತ್ತಿದ್ದಳು. ತಾಯಿಯ ಕೈ ಹಿಡಿದು ಪಕ್ಕಕ್ಕೆ ಎಳೆದಳು.

“ಹೇಗಮ್ಮ? ಒಪ್ಪಿಗೆನಾ?”

“ಏನು ಒಪ್ಪಿಗೆ! ಆ ಮೂವರಲ್ಲಿ ಒಬ್ಬನೂ ಬೇಡ.”

“ಯಾವ ಮೂವರು?”

“ನಾಟಕ ಆಡ್ಬೇಡ. ನೀನು ಫೋನಲ್ಲಿ ಹೇಳಿದ್ದೆಲ್ಲ ಕೇಳಿಸ್ಕೊಂಡಿದ್ದೀನಿ.” ಟೈಲರಮ್ಮ ದನಿ ತಗ್ಗಿಸಿದರು. “ಗಂಡು ಅಂದ್ರೆ ಆ ಕನ್ನಡಕದ ಅಂಗಡಿಯವರ ಥರ ಇರಬೇಕು ಕಣೇ. ಹುಡುಕೋದಾದ್ರೆ ಅಂಥವರನ್ನ ಹುಡುಕು.”

ಆಚೆ ನಿಂತಿದ್ದ ಅಂಗಡಿಯವರು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ, ಮಗಳ ಮುಖವನ್ನೇ ನೋಡುತ್ತಿದ್ದರು.

“ಹುಡುಕಿದ್ದಾಯ್ತಲ್ಲಮ್ಮ,” ಎಂದಳು ಮಗಳು. “ನನಗಲ್ಲ, ನಿನಗೆ.”